ವಿಮಾನದ ರಾಡಾರ್ ಡಿಫರ್ ಮಾಡಿ (ರಿಪೇರಿ ಮುಂದೂಡಿ) ಸಹಿ ಹಾಕು ಅಂತಾರೆ: ಅನುಭವ ಇದ್ದವರು ಹೇಳಿ

ತುಂಗಾತೀರ (ಕೇಳಿದವರು)
ಊರು ತೀರ್ಥಹಳ್ಳಿ ಹತ್ತಿರ. ವಿಮಾನದ ಎಲೆಕ್ಟ್ರಾನಿಕ್ಸ್ ರಿಪೇರಿಗೆ ಸಹಿ ಹಾಕುವ ಬಿ2 ಲೈಸೆನ್ಸ್ ಬಂದು ಎಂಟು ತಿಂಗಳು, ಎಟಿಆರ್ ಅನ್ನುವ ಪ್ರೊಪೆಲ್ಲರ್ ವಿಮಾನಗಳ ಲೈನಲ್ಲಿದ್ದೇನೆ. ಸೋಮವಾರ ಬೆಳಗಿನ ಜಾವ 4:45ಕ್ಕೆ ವೆದರ್ ರಾಡಾರ್ ಸ್ನ್ಯಾಗ್ (ದೋಷ) ಬರೆದೆ. ಸ್ಪೇರ್ ಇರಲಿಲ್ಲ. ದಾರಿಯಲ್ಲಿ ಗುಡುಗು ಮೋಡದ ಮುನ್ಸೂಚನೆ ಇಲ್ಲದಿದ್ದರೆ ಬಿಡಬಹುದು ಅಂತ ಎಂಇಎಲ್‌ನಲ್ಲಿದೆ (ಏನೇನು ಕೆಟ್ಟಿದ್ದರೂ ಹಾರಬಹುದು ಅನ್ನುವ ಪಟ್ಟಿ), ನಮ್ಮ ಪಟ್ಟಿಯಲ್ಲಿ ಬಿ ವರ್ಗ, ಮೂರು ದಿನದೊಳಗೆ ಸರಿಪಡಿಸಬೇಕು. ಶಿಫ್ಟ್ ಮ್ಯಾನೇಜರ್ ಫೋನಲ್ಲೇ "ಬರೆದು ಬಿಡು ಮಾರಾಯ" ಅಂದರು. ಬಿಟ್ಟೆ. ಆವತ್ತಿಂದ ನಿದ್ದೆ ಸರಿಯಿಲ್ಲ. ಹೊಸಬ ಆಗಲ್ಲ ಅಂದರೆ ಎಂತ ಆಗ್ತದೆ? ನೀವೆಲ್ಲ ಎಂತ ಮಾಡಿದಿರಿ?

ಚಾಲಿ ಅಡಿಕೆ, ಸಾಗರ
ತಮ್ಮಾ, ನಾನು ಸಹಿ ಹಾಕಿ ಅನುಭವಿಸಿದವನು. ಅದೂ ಬಿ ವರ್ಗವೇ. 27ರ ರಾತ್ರಿ 2 ಗಂಟೆಗೆ ಬರೆದಿದ್ದು. ಬರೆದ ದಿನ ಬಿಟ್ಟು ಮೂರು ದಿನ, ಅಂದರೆ 30ರ ಮಧ್ಯರಾತ್ರಿವರೆಗೆ ಅಂತ ಲೆಕ್ಕ ಹಾಕಿದೆ. ಹಳೇ ಕಂಪನಿಯಲ್ಲಿ ನಮ್ಮ ಗಡಿಯಾರದ ಲೆಕ್ಕ ಇತ್ತು, ಹೊಸ ಕಂಪನಿಯ ಮ್ಯಾನುಯಲ್‌ನಲ್ಲಿ ಯುಟಿಸಿ, ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ. ಆ ಲೆಕ್ಕದಲ್ಲಿ ನಾನು ಬರೆದಾಗ ಇನ್ನೂ 26. ಅವಧಿ ಮುಗಿದದ್ದು 30ರ ಬೆಳಿಗ್ಗೆ 5:30ಕ್ಕೆ. ವಿಮಾನ ಹೊರಟಿದ್ದು 6:10ಕ್ಕೆ. ನಲವತ್ತೇ ನಿಮಿಷ!

ಮೂರು ತಿಂಗಳು ಸಹಿ ಅಧಿಕಾರ ಇಲ್ಲ. ದೆಹಲಿಗೆ ಎರಡು ಸಲ ಅಲೆದೆ, ವಕೀಲರಿಗೆ 40,000, ಹೆಂಡತಿಯ ಎರಡು ಬಳೆ ಅಡವಿಗೆ ಹೋಯಿತು. ಎಂಟು ಕ್ವಿಂಟಾಲ್ ಚಾಲಿಯನ್ನು ದರ ಬಿದ್ದಾಗಲೇ ಮಂಡಿಗೆ ಹಾಕಿದೆ. ಮುಂದಿನ ತಿಂಗಳೇ ದರ ಏರಿತು, ಅದು ಇವತ್ತಿಗೂ ಹೊಟ್ಟೆ ಉರಿಸ್ತದೆ.

ಹೊಸನಗರದ ಮಳೆ
ನಾನು ಕ್ಯಾಪ್ಟನ್ ಸೀಟಲ್ಲಿ ಕೂತವನು. ಎಂಇಎಲ್ ಅನುಮತಿ ಕೊಡ್ತದೆ ಅಷ್ಟೇ, ಹೋಗಲೇಬೇಕು ಅಂತ ಎಲ್ಲೂ ಬರೆದಿಲ್ಲ. ನನಗೆ ಬಂದ ವಿಮಾನದಲ್ಲಿ ಪ್ರೊಪೆಲ್ಲರ್ ಬ್ರೇಕ್ ಡಿಫರ್ ಆಗಿತ್ತು. ಎಟಿಆರ್‌ಗೆ ಎಪಿಯು (ನೆಲದಲ್ಲಿ ಕರೆಂಟು ಕೊಡುವ ಸಣ್ಣ ಎಂಜಿನ್) ಇಲ್ಲ, ಬಲಗಡೆ ಎಂಜಿನ್ ಓಡಿಸಿ ಪ್ರೊಪೆಲ್ಲರ್ ಮಾತ್ರ ಆ ಬ್ರೇಕಿನಿಂದ ಹಿಡಿದು ನಿಲ್ಲಿಸಿದರೇ ನೆಲದಲ್ಲಿ ಕರೆಂಟು, ತಂಪು ಗಾಳಿ. ಬ್ರೇಕ್ ಇಲ್ಲ ಅಂದರೆ ಎಂಜಿನ್ ಪೂರ್ತಿ ಆರಿಸಬೇಕು. ಹೋಗಿ ಇಳಿಯುವ ಸಣ್ಣ ನಿಲ್ದಾಣದಲ್ಲಿ ಕರೆಂಟಿನ ಗಾಡಿಯೇ ಕೆಟ್ಟು ನಿಂತಿತ್ತು. ಪುಸ್ತಕದ ಪ್ರಕಾರ ಹೋಗಬಹುದಿತ್ತು. ಏಪ್ರಿಲ್ ಬಿಸಿಲಲ್ಲಿ 68 ಜನರನ್ನು ಆ ಡಬ್ಬದೊಳಗೆ ಕೂರಿಸಲು ನಾನು ತಯಾರಿರಲಿಲ್ಲ. ಐದು ಗಂಟೆ ತಡ. ಒಬ್ಬರು ಮೊಮ್ಮಗನ ನಾಮಕರಣ ತಪ್ಪಿತು ಅಂತ ನನ್ನೆದುರೇ ಅತ್ತರು. ಟ್ರೈನರ್ ಆಗುವ ನನ್ನ ಅವಕಾಶ 11 ತಿಂಗಳು ಹಿಂದೆ ಹೋಯಿತು. ಇವತ್ತಾದರೂ ಅದನ್ನೇ ಮಾಡ್ತೇನೆ.

ಮೇಲೆ ಬರೆದವರದ್ದು ನಿರ್ಲಕ್ಷ್ಯ. ಕಂಪನಿ ಸೇರಿದವರು ಮೊದಲು ಮ್ಯಾನುಯಲ್ ಓದಬೇಕು.

ಚಾಲಿ ಅಡಿಕೆ, ಸಾಗರ
ಕ್ಯಾಪ್ಟನ್ ಸಾಹೇಬರೇ, ರಾತ್ರಿ 2 ಗಂಟೆಗೆ ಮಳೆಯಲ್ಲಿ ಏಣಿ ಮೇಲೆ ನಿಂತು, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಕೆಲಸ ಮಾಡಿ ನೋಡಿ, ಆಮೇಲೆ ನಿರ್ಲಕ್ಷ್ಯ ಅನ್ನಿ. ಐದು ಗಂಟೆ ತಡ ಮಾಡಿದ ನಿಮಗೆ ಸಂಬಳ ಕಡಿತ ಆಯ್ತಾ? ನನಗೆ ಆಗಿದೆ.

ಗಾಜನೂರು
ಇಬ್ಬರೂ ಸ್ವಲ್ಪ ನಿಲ್ಲಿಸಿ. 2008ರ ಆಗಸ್ಟ್ 20, ಮ್ಯಾಡ್ರಿಡ್, ಸ್ಪ್ಯಾನೇರ್‌ನ ಎಂಡಿ-82. ಉಷ್ಣತೆ ಅಳೆಯುವ ಪ್ರೋಬಿನ ಹೀಟರ್, ಹಾರುವಾಗ ಮಾತ್ರ ಕಾಯಬೇಕಾದದ್ದು, ನೆಲದ ಮೇಲೇ ಬಿಸಿಯಾಗ್ತಿತ್ತು. ಎಂಇಎಲ್ ನೋಡಿ ಬ್ರೇಕರ್ (ಅದರ ಕರೆಂಟು ಕಡಿಯುವ ಸ್ವಿಚ್) ಎಳೆದು ವಿಮಾನ ಬಿಟ್ಟರು. ಆ ಗಡಿಬಿಡಿ ಮುಗಿಸಿ ಹೊರಟ ಪೈಲಟ್‌ಗಳು ಮೇಲೇಳಲು ಬೇಕಾದ ರೆಕ್ಕೆಯ ಫ್ಲಾಪ್ ಇಳಿಸಲು ಮರೆತರು, ಎಚ್ಚರಿಕೆ ಗಂಟೆಯೂ ಕೂಗಲಿಲ್ಲ. 154 ಜನ ಹೋದರು. ಹೀಟರಿಗೂ ಆ ಗಂಟೆಗೂ ಒಂದೇ ರಿಲೇ (ವಿದ್ಯುತ್ ಸ್ವಿಚ್). ಗಂಟೆ ಯಾಕೆ ಕೂಗಲಿಲ್ಲ ಅಂತ ತನಿಖೆಯಲ್ಲಿ ಖಚಿತವಾಗಲಿಲ್ಲ. ಅದನ್ನು ಓದಿದ ಮೇಲೆ ನಾನು ಬ್ರೇಕರ್ ಎಳೆಯುವ ಮುಂಚೆ ವೈರಿಂಗ್ ಡಯಾಗ್ರಾಂ ಬಿಡಿಸಿ, ಆ ತಂತಿಯಲ್ಲಿ ಇನ್ನೇನು ನೇತಾಡ್ತಿದೆ ಅಂತ ನೋಡ್ತೇನೆ. ಇಪ್ಪತ್ತು ನಿಮಿಷ ಹಿಡಿಯುತ್ತದೆ. ಇದಕ್ಕಾಗಿ ಎರಡು ಮೆಮೊ ತಿಂದಿದ್ದೇನೆ.

ಆಗುಂಬೆ ಘಾಟಿ
ನಾನು ಬರೀ ಪ್ರಯಾಣಿಕ. ಮಲ್ನಾಡಿನ ಆಷಾಢದ ಮಳೆಯಲ್ಲಿ ರಾಡಾರ್ ಇಲ್ಲದ ವಿಮಾನ ನಮ್ಮ ಶಿವಮೊಗ್ಗದ ಸೋಗಾನೆ ನಿಲ್ದಾಣಕ್ಕೆ ಬರುವುದಾ? 2023ರ ಆಗಸ್ಟಲ್ಲಿ ವಿಮಾನ ಶುರುವಾದಾಗ ಎಷ್ಟು ಖುಷಿಪಟ್ಟಿದ್ದೆವು! ನಾನಂತೂ ಇನ್ನು ಜನಶತಾಬ್ದಿ ರೈಲೇ.

ಹೊಸನಗರದ ಮಳೆ
ಆಷಾಢದ ಮಳೆ ಹೆಚ್ಚಾಗಿ ಹಾಸು ಮೋಡದ್ದು, ದಿನಗಟ್ಟಲೆ ಒಂದೇ ಸಮ ಹೊಯ್ಯುತ್ತೆ. ಆಗ ಕಷ್ಟ ರನ್‌ವೇ ಕಾಣುವುದರದ್ದು, ಅದಕ್ಕೆ ರಾಡಾರ್ ಉಪಯೋಗಕ್ಕೆ ಬರಲ್ಲ. ರಾಡಾರ್ ಬೇಕಾಗುವುದು ಏಪ್ರಿಲ್-ಮೇ, ಅಕ್ಟೋಬರಲ್ಲಿ, ಮಧ್ಯಾಹ್ನದ ಮೇಲೆ ಗೋಪುರದ ಹಾಗೆ ಏಳುವ ಗುಡುಗು ಮೋಡಕ್ಕೆ.

ಆಗುಂಬೆ ಘಾಟಿ
ಹುಟ್ಟಿದಾಗಿಂದ ಈ ಮಳೆಯಲ್ಲೇ ಇದ್ದೇನೆ ಸ್ವಾಮಿ. ಜೂನಲ್ಲಿ ಸಿಡಿಲು ಬಡಿದು ನಮ್ಮ ಎರಡು ದನ ಸತ್ತಿವೆ.

ಗಾಜನೂರು
ಮುಂಗಾರು ಹಿಡಿಯುವ ಹೊತ್ತಿಗೆ ಸಿಡಿಲು ಇದ್ದೇ ಇರ್ತದೆ, ಘಾಟಿಯವರು ಹೇಳಿದ್ದು ಸುಳ್ಳಲ್ಲ. ಕೇಳಿದ ಹುಡುಗ ಎಲ್ಲಿ ಹೋದ?

ತುಂಗಾತೀರ
ಇಲ್ಲೇ ಇದ್ದೇನೆ. ಸಾಗರದ ಅಣ್ಣ ಬರೆದದ್ದು ಓದಿ ನಮ್ಮ ಮ್ಯಾನುಯಲ್ ತೆಗೆದೆ. ನಮ್ಮದೂ ಯುಟಿಸಿ. ಸೋಮವಾರ 4:45 ಅಂದರೆ ಅಲ್ಲಿ ಇನ್ನೂ ಭಾನುವಾರ. ನಾಳೆ ಗುರುವಾರ ರಾತ್ರಿವರೆಗೆ ಇದೆ ಅಂದುಕೊಂಡಿದ್ದೆ, ಬೆಳಿಗ್ಗೆ 5:30ಕ್ಕೇ ಮುಗಿಯುತ್ತೆ. ಮೊದಲ ಹಾರಾಟ 6 ಗಂಟೆಗೆ, ಸ್ಪೇರ್ ಬರುವುದು ಮಧ್ಯಾಹ್ನ. ಮ್ಯಾನೇಜರಿಗೆ ಫೋನ್ ಹಚ್ಚಿದ್ದೇನೆ, ಎತ್ತುತ್ತಿಲ್ಲ.

ಚಾಲಿ ಅಡಿಕೆ, ಸಾಗರ
ಎತ್ತುವವರೆಗೂ ಮಾಡು. ಮೇಲ್ ಕೂಡ ಈಗಲೇ ಹಾಕು, ಅದರಲ್ಲಿ ಸಮಯ ಉಳೀತದೆ.