ಆಪ್ಟ್, ಡಿಎನ್‌ಎಫ್, ಪ್ಯಾಕ್‌ಮ್ಯಾನ್: ದಿನದ ಕೆಲಸಕ್ಕೆ ಯಾವುದು?

ಪ್ರಶ್ನೆ:
ನಾಲ್ಕು ವರ್ಷದಿಂದ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ ಸ್ಟೇಬಲ್ ಬಳಸುತ್ತಿದ್ದೇನೆ. ಅದರಲ್ಲಿ ಪ್ರೋಗ್ರಾಂ ಹಾಕಲು, ತೆಗೆಯಲು ಇರೋದು ಆಪ್ಟ್. ಹೋದ ವಾರ ವಿಡಿಯೋ ಎಡಿಟರ್‌ನ ಹೊಸ ಆವೃತ್ತಿ ಬೇಕು ಅಂತ ಹೊರಗಿನ ರೆಪೊ (ಪ್ರೋಗ್ರಾಂಗಳ ಭಂಡಾರ) ಒಂದನ್ನು ಸೇರಿಸಿ ಆಪ್ಟ್‌ಗೆ ಫುಲ್-ಅಪ್‌ಗ್ರೇಡ್ ಕೊಟ್ಟೆ. ಉದ್ದ ಪಟ್ಟಿ ಬಂತು. ಓದದೆ ವೈ ಒತ್ತಿದೆ. ರೀಬೂಟ್ ಆದಮೇಲೆ ಡೆಸ್ಕ್‌ಟಾಪೇ ಇಲ್ಲ, ಕಪ್ಪು ಪರದೆಯಲ್ಲಿ ಲಾಗಿನ್ ಸಾಲು ಮಾತ್ರ! ಆಪ್ಟ್ ಬಿಟ್ಟು ಬೇರೆಯದಕ್ಕೆ ಹೋಗಲಾ? ಆರ್ಚ್ ಲಿನಕ್ಸ್‌ನ ಪ್ಯಾಕ್‌ಮ್ಯಾನ್ ತುಂಬಾ ವೇಗ ಅಂತಾರೆ.

ಉತ್ತರ 1:
ತಡೀರಿ, ಅವಸರ ಬೇಡ. ಹೊರಗಿನ ರೆಪೊ ತನ್ನ ಹೊಸ ಲೈಬ್ರರಿಗಳನ್ನೂ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್) ಜೊತೆಗೆ ತಂದಿರುತ್ತದೆ. ನಿಮ್ಮ ಡೆಸ್ಕ್‌ಟಾಪ್‌ಗೆ ಬೇಕಿದ್ದದ್ದು ಹಳೆಯ ಲೈಬ್ರರಿ. ಎರಡೂ ಒಟ್ಟಿಗೆ ಕೂರಲ್ಲ, ಹಾಗಾಗಿ ಆಪ್ಟ್ ಒಂದನ್ನು ತೆಗೆಯಿತು. ಬರೀ ಅಪ್‌ಗ್ರೇಡ್ ಕೊಟ್ಟಿದ್ದರೆ ಯಾವ ಪ್ಯಾಕೇಜನ್ನೂ ತೆಗೆಯುತ್ತಿರಲಿಲ್ಲ. ತೆಗೆಯುವ ಅಧಿಕಾರ ಇರೋದು ಫುಲ್-ಅಪ್‌ಗ್ರೇಡ್‌ಗೆ.

ನಾನು ಈ ಮೂರನ್ನೂ ವರ್ಷಗಟ್ಟಲೆ ಬಳಸಿದ್ದೇನೆ. ಪ್ಯಾಕ್‌ಮ್ಯಾನ್ ನಿಜಕ್ಕೂ ವೇಗ, ನನಗೆ ಇಷ್ಟ. ಆದರೆ ಒಮ್ಮೆ ಕೆಲಸದ ಮಧ್ಯೆ ಎಸ್‌ವೈ (ರೆಪೊದ ಪಟ್ಟಿಯನ್ನಷ್ಟೇ ಹೊಸದಾಗಿಸುವ ಆಯ್ಕೆ) ಕೊಟ್ಟು ಒಂದೇ ಒಂದು ಪ್ಯಾಕೇಜ್ ಹಾಕಿಕೊಂಡೆ. ಅದರ ಜೊತೆ ಹೊಸ ಲೈಬ್ರರಿ ಬಂತು, ಉಳಿದದ್ದೆಲ್ಲ ಹಳೆಯದೇ ಉಳಿಯಿತು. ಬ್ರೌಸರ್ ತೆರೆಯಲೇ ಇಲ್ಲ. ಆರ್ಚ್‌ನಲ್ಲಿ ಎಸ್‌ವೈಯು ಕೊಟ್ಟು ಪೂರ್ತಿ ಅಪ್‌ಡೇಟ್ ಮಾಡಬೇಕು. ಅರ್ಧ ಅಪ್‌ಡೇಟ್‌ಗೆ ಅಲ್ಲಿ ಬೆಂಬಲ ಇಲ್ಲ.

ಅದಕ್ಕೇ ಹೇಳೋದು, ಕಮಾಂಡ್ ನೋಡಿ ಆರಿಸಬೇಡಿ. ಹಿಂದಿರುವ ರೆಪೊ ಯಾವ ವೇಗದಲ್ಲಿ ಬದಲಾಗುತ್ತದೆ ನೋಡಿ. ಡೆಬಿಯನ್ ಸ್ಟೇಬಲ್ ಸುಮಾರು 2 ವರ್ಷಕ್ಕೊಮ್ಮೆ ಬರುತ್ತದೆ, ಡಿಎನ್‌ಎಫ್ ಇರುವ ಫೆಡೋರಾ ಲಿನಕ್ಸ್ ಸುಮಾರು 6 ತಿಂಗಳಿಗೊಮ್ಮೆ. ಆರ್ಚ್‌ಗೆ ಬಿಡುಗಡೆಯ ದಿನ ಅಂತ ಇಲ್ಲವೇ ಇಲ್ಲ, ಹರಿಯುತ್ತಲೇ ಇರುತ್ತದೆ. ಆ ವೇಗದ ಜೊತೆ ನೀವು ಓಡಬಲ್ಲಿರಾ ಅನ್ನೋದೇ ಮುಖ್ಯ.

ಉತ್ತರ 2:
ನನ್ನ ಮತ ಡಿಎನ್‌ಎಫ್‌ಗೆ. ಹಿಸ್ಟರಿ ಕೊಟ್ಟರೆ ಪ್ರತಿ ಇನ್‌ಸ್ಟಾಲ್‌ಗೂ ಒಂದು ನಂಬರ್ ಕಾಣಿಸುತ್ತದೆ. ಹಿಸ್ಟರಿ ಅನ್‌ಡೂ ಅಂತ ಆ ನಂಬರ್ ಕೊಟ್ಟರೆ ಸಾಕು, ಹಾಕಿದ್ದು ವಾಪಸ್ ಹೋಗುತ್ತದೆ.

ಉತ್ತರ 1 ಬರೆದವರು:
ಹೌದು, ಅದು ಒಳ್ಳೆಯ ಸೌಲಭ್ಯ. ಆದರೆ ಅಪ್‌ಡೇಟನ್ನು ಹಿಂದಕ್ಕೆ ತರಬೇಕಾದರೆ ಹಳೆಯ ಆವೃತ್ತಿ ರೆಪೊದಲ್ಲಿ ಇನ್ನೂ ಸಿಗಬೇಕು. ಇಲ್ಲದಿದ್ದರೆ ಅನ್‌ಡೂ ಅಲ್ಲೇ ನಿಲ್ಲುತ್ತದೆ. ಈ ವಿಷಯದಲ್ಲಿ ಪ್ಯಾಕ್‌ಮ್ಯಾನ್ ವಾಸಿ. ನೀವು ಅಳಿಸದಿದ್ದರೆ ಹಳೆಯ ಪ್ಯಾಕೇಜ್ ನಿಮ್ಮ ಡಿಸ್ಕ್‌ನಲ್ಲೇ ಇರುತ್ತದೆ, ದೊಡ್ಡಕ್ಷರದ ಯು ಆಯ್ಕೆ ಕೊಟ್ಟು ಮತ್ತೆ ಹಾಕಬಹುದು.

ಪ್ರಶ್ನೆ ಕೇಳಿದವರು:
ಸರಿ, ಡೆಬಿಯನ್‌ನಲ್ಲೇ ಇರ್ತೀನಿ. ಆದರೆ ಆ ಹೊಸ ಎಡಿಟರ್ ಬೇಕೇ ಬೇಕಲ್ವಾ?

ಉತ್ತರ 1 ಬರೆದವರು:
ಅದೊಂದನ್ನು ಆಪ್ಟ್ ಬಿಟ್ಟು ಫ್ಲಾಟ್‌ಪ್ಯಾಕ್ ಅನ್ನೋ ಬೇರೆ ದಾರಿಯಲ್ಲಿ ಹಾಕಿಕೊಳ್ಳಿ. ತನಗೆ ಬೇಕಾದ ಲೈಬ್ರರಿಗಳನ್ನು ಬೇರೆಯಾಗಿ ಇಟ್ಟುಕೊಳ್ಳುತ್ತದೆ, ನಿಮ್ಮ ಡೆಸ್ಕ್‌ಟಾಪ್ ತಂಟೆಗೆ ಬರಲ್ಲ. ಡಿಸ್ಕ್‌ನಲ್ಲಿ ಜಾಗ ಜಾಸ್ತಿ ಬೇಕು, ಅಷ್ಟೇ.

ಮೊದಲು ಆ ಹೊರಗಿನ ರೆಪೊ ತೆಗೆದುಹಾಕಿ. ಆಮೇಲೆ ಆಪ್ಟ್‌ನ ಲಾಗ್ ಫೋಲ್ಡರ್‌ನಲ್ಲಿರುವ ಹಿಸ್ಟರಿ ಫೈಲ್ ತೆರೆಯಿರಿ. ಆ ದಿನದ ತಾರೀಖಿನ ಕೆಳಗೆ 'ರಿಮೂವ್' ಅನ್ನೋ ಸಾಲಿದೆ. ಏನೇನು ಹೋಯಿತು ಅಂತ ಹೆಸರು ಸಮೇತ ಅಲ್ಲಿದೆ. ಆ ಸಾಲನ್ನು ಇಲ್ಲಿ ಹಾಕಿ, ಏನಾದರೂ ಉಳಿದುಹೋಗಿದೆಯಾ ಒಟ್ಟಿಗೆ ನೋಡೋಣ.