ಅಜ್ಜನ ಕಾಲದ ಕಿಟಕಿ: ಕೀಳೋದಾ, ಉಳಿಸೋದಾ?

ಕೇಳಿದವರು: ಬಸವನಗುಡಿಯಲ್ಲಿ ನಮ್ಮದು 1930ರ ಸುಮಾರಿನ ಮನೆ. ತೇಗದ ಕಿಟಕಿಗಳು, ಮೇಲೆ ಮಂಕಿ ಟಾಪ್ (ಕಿಟಕಿ ಮೇಲಿನ ಮೊನಚಾದ ಮರದ ಮಾಡು). ಕದಗಳ ಬುಡ ಲಡ್ಡಾಗಿದೆ, ಮಳೆಗಾಲದಲ್ಲಿ ಮುಚ್ಚುವುದೇ ಇಲ್ಲ. ಕಂಟ್ರಾಕ್ಟರು ‘ಕಿತ್ತು ಯುಪಿವಿಸಿ ಹಾಕಿಸಿ’ ಅನ್ನುತ್ತಾರೆ, ಅಂದರೆ ಗಟ್ಟಿ ಪ್ಲಾಸ್ಟಿಕ್ ಕಿಟಕಿ. ರಿಪೇರಿ ಮಾಡಿಸಿದವರು ಇದ್ದೀರಾ?

ಮಲ್ಲೇಶ್ವರದಿಂದ: ಕೀಳಬೇಡಿ. ನನಗೆ ಎರಡು ಕಿಟಕಿ ಕಳೆದುಕೊಂಡ ಮೇಲೆ ಬುದ್ಧಿ ಬಂತು. ‘ಕಸ ಸಾರ್, ನಾವೇ ಸಾಗಿಸ್ತೀವಿ’ ಅಂತ ಕೆಲಸದವರು ಹಳೆ ತೇಗವನ್ನು ಪುಕ್ಕಟೆ ಒಯ್ದರು. ಎಳೆಗಳು ಅಷ್ಟು ಒತ್ತಾಗಿರುವ ಮರ ಈಗ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗುವುದಿಲ್ಲ.

ಉಳಿದ ಆರಕ್ಕೆ ಬೇರೆ ಬಡಗಿಯನ್ನು ಹುಡುಕಿದೆ. ವಯಸ್ಸಾದವರು, ಮಾತು ಕಮ್ಮಿ. ಬಂದವರೇ ಸ್ಕ್ರೂಡ್ರೈವರ್ ತುದಿಯಿಂದ ಮರವನ್ನು ಚುಚ್ಚುತ್ತಾ ಹೋದರು. ಮೆತ್ತಗಿದ್ದದ್ದು ಕೆಳಗಿನ ಅಡ್ಡಪಟ್ಟಿ, ನಿಲುಪಟ್ಟಿಗಳ ತುದಿ ನಾಲ್ಕು ಇಂಚು, ಅಷ್ಟೇ! ಹಳೆ ಕದಗಳಲ್ಲಿ ಮೊಳೆ ಇರಲಿಲ್ಲ. ಒಂದು ಪಟ್ಟಿಯ ನಾಲಿಗೆಯನ್ನು ಇನ್ನೊಂದರ ಕುಳಿಯಲ್ಲಿ ಕೂರಿಸಿ ಮರದ ಆಣಿ ಹೊಡೆದಿದ್ದರು. ಆಣಿ ಹೊರತಳ್ಳಿದರೆ ಕದ ಬಿಡಿಬಿಡಿಯಾಗಿ ಬಂತು. ಬಿಡಿಸುವ ಮೊದಲು ಪ್ರತಿ ತುಂಡಿಗೂ ನಂಬರ್ ಹಾಕಿಸಿ, ಆಮೇಲೆ ಪರದಾಡಬೇಡಿ. ಕೊಳೆತಷ್ಟನ್ನೇ ಓರೆಯಾಗಿ ಕತ್ತರಿಸಿ, ಒಡೆದ ಮನೆಯಿಂದ ತಂದ ತೇಗವನ್ನು ಎಳೆ ನೋಡಿ ಬೆಸೆದರು. ಓರೆ ಯಾಕೆ ಅಂದರೆ ಅಂಟು ಹಿಡಿಯಲು ಜಾಗ ಜಾಸ್ತಿ. ಒಂದು ಕಿಟಕಿಗೆ ಮೂರು ದಿನ ಹಿಡಿಯಿತು.

ಮುಚ್ಚುವುದಿಲ್ಲ ಅಂತ ಮಳೆಗಾಲದಲ್ಲಿ ಹತ್ತರಿ ಹೊಡೆಸಬೇಡಿ. ಆಗ ಮರ ಉಬ್ಬಿರುತ್ತದೆ, ಏಪ್ರಿಲ್‌ನಲ್ಲಿ ಬೆರಳು ತೂರುವಷ್ಟು ಸಂದಿ ಬರುತ್ತದೆ. ನಮ್ಮಲ್ಲಿ ತಡೆ ಇದ್ದದ್ದು ಬಣ್ಣದ ಪದರಗಳಲ್ಲಿ.

ಮೈಸೂರಿನಿಂದ: ಆ ಬಣ್ಣ ಕೆರೆಯುವಾಗ ಹುಷಾರು. ಹಳೆ ಎನಾಮೆಲ್‌ನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಆಗಿದ್ದೇ 2016ರಲ್ಲಿ. ಒಣಗಿದ್ದಾಗ ಉಜ್ಜುವ ಮೆಷಿನ್ ಬೇಡ, ಬೆಂಕಿಯಿಂದ ಬಣ್ಣ ಸುಡುವುದಂತೂ ಬೇಡವೇ ಬೇಡ. ನೀರು ಚಿಮುಕಿಸಿ ಕೆರೆಯಲಿ. ಮಕ್ಕಳು, ಬಸುರಿಯರು ಹತ್ತಿರ ಸುಳಿಯಬಾರದು.

ತೀರ್ಥಹಳ್ಳಿಯಿಂದ: ಎಲ್ಲ ಸರಿ, ಆದರೆ ಬುಡ ಯಾಕೆ ಕೊಳೆಯಿತು ಅಂತ ನೋಡಿದಿರಾ? ನಮ್ಮಲ್ಲಿ ಮಳೆಗಿಂತ ಸಿಮೆಂಟೇ ಕೆಡಿಸಿದ್ದು. ಮೊದಲು ಸುಣ್ಣದ ಗಾರೆ ಇತ್ತು, ನೀರು ಹೀರಿದರೂ ಬೇಗ ಬಿಡುತ್ತಿತ್ತು. ಚಂದ ಕಾಣಲಿ ಅಂತ ದಾರಂದದ (ಚೌಕಟ್ಟಿನ) ಸುತ್ತ ಸಿಮೆಂಟ್ ಮೆತ್ತಿಸಿದೆವು. ತೇವ ಒಳಗೇ ಸಿಕ್ಕಿಕೊಂಡಿತು, ಹಿಂದೆಯೇ ಒರಲೆ ಬಂತು. ಸಿಮೆಂಟ್ ಬಿಡಿಸದೆ ಹೊಸ ತುಂಡು ಕೂರಿಸಿದರೆ ಅದೂ ಹೋಗುತ್ತದೆ.

ಇನ್ನೊಬ್ಬರು: ಗಾಜಿಗೆ ಸೀಮೆಸುಣ್ಣದ ಪುಡಿ, ಅಗಸೆ ಎಣ್ಣೆ ಕಲಸಿದ ಪುಟ್ಟಿಯೇ ಸಾಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿ ಕಾದು ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ, ಬಯಲಲ್ಲಿ ಹರಡಿ.

ಕೇಳಿದವರು: ಈಗಷ್ಟೇ ಚುಚ್ಚಿ ನೋಡಿ ಬಂದೆ. ಹನ್ನೊಂದರಲ್ಲಿ ಎಂಟು ಗಟ್ಟಿ ಇವೆ. ಮೂರರ ಕೆಳಗೂ ಸಿಮೆಂಟೇ. ಮಂಕಿ ಟಾಪ್ ನೋಡಲು ಏಣಿ ಬೇಕು, ಅದು ಭಾನುವಾರಕ್ಕೆ.