ಕ್ಲಿನಿಕಲ್ ಟ್ರಯಲ್ ಕೋಆರ್ಡಿನೇಟರ್ ಕೆಲಸಕ್ಕೆ ಸೇರಬಹುದಾ ಅಕ್ಕಾ?

ಪ್ರಶ್ನೆ, ಮುಳಬಾಗಿಲಿನಿಂದ:
ಅಕ್ಕಾ, ಬಿ.ಫಾರ್ಮ ಮುಗಿಸಿದ್ದೇನೆ. ಕೋಲಾರದ ಒಂದು ಆಸ್ಪತ್ರೆಯ ರಿಸರ್ಚ್ ಟೀಮಿನಲ್ಲಿ ಕೋಆರ್ಡಿನೇಟರ್ ಕೆಲಸಕ್ಕೆ ಇಂಟರ್‌ವ್ಯೂ ಕರೆದಿದ್ದಾರೆ. ದಿನಾ ಏನು ಕೆಲಸ ಇರುತ್ತದೆ? ಬಡವರ ಮೇಲೆ ಔಷಧಿ ಪರೀಕ್ಷೆ ಮಾಡೋ ಪಾಪದ ಕೆಲಸ, ಬೇಡ ಅಂತಾರೆ ಅಮ್ಮ.

ಉತ್ತರ:
ಅಮ್ಮನ ಭಯ ಸುಮ್ನೆ ಬಂದಿದ್ದಲ್ಲ. ಸರಿಯಾಗಿ ತಿಳಿಸದೆ ಟ್ರಯಲ್‌ಗೆ ಸೇರಿಸಿಕೊಂಡರು ಅನ್ನೋ ದೂರು ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಆಮೇಲೆ ನಿಯಮ ಬಿಗಿಯಾಯಿತು. ಈಗ ನಡೆಯುವುದು 2019ರ ನಿಯಮಗಳ ಪ್ರಕಾರ. ರೋಗಿಗಳ ಹಿತ ನೋಡುವ ಎಥಿಕ್ಸ್ ಕಮಿಟಿ ಒಪ್ಪದೆ, ಸಿಟಿಆರ್‌ಐನಲ್ಲಿ (ಟ್ರಯಲ್‌ಗಳ ಸರ್ಕಾರಿ ನೋಂದಣಿ ಪಟ್ಟಿ) ನೋಂದಣಿ ಆಗದೆ ಔಷಧಿ ಟ್ರಯಲ್‌ಗೆ ಒಬ್ಬ ರೋಗಿಯನ್ನೂ ಸೇರಿಸುವಂತಿಲ್ಲ. ಆ ನೋಂದಣಿ ನೆಟ್‌ನಲ್ಲೇ ಇದೆ, ಅಮ್ಮನಿಗೂ ತೋರಿಸಿ.

ದಿನದ ಕೆಲಸ ಅಂದರೆ ರೋಗಿಗಳಿಗೆ ಫೋನ್ ಮಾಡಿ ವಿಸಿಟ್‌ಗೆ ಕರೆಸುವುದು, ರಕ್ತದ ಸ್ಯಾಂಪಲ್ ಕಳಿಸುವುದು, ಔಷಧಿ ಫ್ರಿಜ್ಜಿನ ಟೆಂಪರೇಚರ್ ಬರೆಯುವುದು, ಫೈಲು, ಮತ್ತೆ ಫೈಲು. ಆದರೆ ನನಗೆ ಮುಖ್ಯ ಅನಿಸುವುದು ಬೇರೆ. ಡಾಕ್ಟರು ಎಲ್ಲ ವಿವರಿಸಿ ಎದ್ದು ಹೋದ ಮೇಲೆ ರೋಗಿ ಕೋಆರ್ಡಿನೇಟರ್ ಆದ ನಮ್ಮ ಕಡೆ ತಿರುಗಿ, "ಏನಂದ್ರಮ್ಮಾ ಅವ್ರು?" ಅಂತ ಕೇಳುತ್ತಾರಲ್ಲ, ಅಲ್ಲಿ ನಾವು ಹೇಗೆ ಮಾತಾಡ್ತೀವಿ ಅನ್ನೋದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು. ಕನ್ನಡದ ಒಪ್ಪಿಗೆ ಪತ್ರ ಕೈಗಿಟ್ಟರೆ ದೊಡ್ಡ ಆಸ್ಪತ್ರೆ ಅಂತ ತಲೆ ಆಡಿಸಿಬಿಡ್ತಾರೆ. ಅದನ್ನು ಒಪ್ಪಿಗೆ ಅಂದುಕೊಳ್ಳಬಾರದು. ತೆಲುಗು ಪತ್ರ ಬೇಕು, ಅದನ್ನೂ ಎಥಿಕ್ಸ್ ಕಮಿಟಿ ನೋಡಿ ಒಪ್ಪಿರಬೇಕು. ನಾನು ಯಾವಾಗಲೂ, "ಮನೆಗೆ ತಗೊಂಡು ಹೋಗಿ, ಮಗನ ಹತ್ರ ಓದಿಸಿ, ಬೇಡ ಅನಿಸಿದ್ರೆ ಬೇಡ, ನಿಮ್ಮ ಟ್ರೀಟ್‌ಮೆಂಟ್ ನಿಲ್ಲಲ್ಲ" ಅಂತ ಹೇಳುತ್ತೇನೆ.

ಒಂದು ಸಲ ಸಕ್ಕರೆ ಕಾಯಿಲೆ ಟ್ರಯಲ್‌ನ ತಾತ ಖಾಲಿ ಡಬ್ಬಿ ತಂದರು. ಕೊಟ್ಟಿದ್ದು 60 ಮಾತ್ರೆ. ದಿನಕ್ಕೆ ಎರಡರಂತೆ 28 ದಿನಕ್ಕೆ 56. ನಾಲ್ಕು ಉಳಿಯಬೇಕಿತ್ತು. ಬೈದಿದ್ದರೆ ಸುಳ್ಳು ಹೇಳುತ್ತಿದ್ದರೇನೋ. ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ. "ನಮ್ಮವಳಿಗೂ ಸಕ್ಕರೆ ಐತೆ. ಅವಳ ಮಾತ್ರೆ ಖಾಲಿ ಆಗಿತ್ತು, ಎರಡು ದಿನ ಕೊಟ್ಟೆ" ಅಂದರು. ತಕ್ಷಣ ಡಾಕ್ಟರಿಗೆ ಹೇಳಿ ಅಜ್ಜಿಯನ್ನು ಕರೆಸಿ ನೋಡಿಸಿದೆವು. ಚೆನ್ನಾಗಿದ್ದರು. ನಡೆದಿದ್ದನ್ನು ಇದ್ದ ಹಾಗೇ ಬರೆದು ಎಥಿಕ್ಸ್ ಕಮಿಟಿಗೂ ತಿಳಿಸಿದೆವು. ಅವತ್ತಿನಿಂದ ಮನೆಯಲ್ಲಿ ಇನ್ಯಾರಿಗೆ ಸಕ್ಕರೆ ಇದೆ ಅಂತ ಮೊದಲ ದಿನವೇ ಕೇಳ್ತೀನಿ.

ಪ್ರಶ್ನೆ, ಚಿಂತಾಮಣಿಯ ನರ್ಸ್ ಒಬ್ಬರಿಂದ:
ಓದು ಬರದವರಾದರೆ ಹೆಬ್ಬೆಟ್ಟು ಒತ್ತಿಸಿದರೆ ಸಾಕಲ್ವಾ ಮೇಡಂ?

ಉತ್ತರ:
ಸಾಕಾಗಲ್ಲ ಸಿಸ್ಟರ್. ಟ್ರಯಲ್ ಟೀಮಿಗೆ ಸೇರದ ಒಬ್ಬ ಸಾಕ್ಷಿ ವಿವರಣೆ ಪೂರ್ತಿ ಮುಗಿಯುವವರೆಗೂ ಅಲ್ಲೇ ಇದ್ದು ಸಹಿ ಹಾಕಬೇಕು. ಕೊನೆಗೆ ಕಾರಿಡಾರಿನಲ್ಲಿ ಹೋಗುವವರನ್ನು ಕರೆದು ಸಹಿ ಹಾಕಿಸಿಕೊಳ್ಳುವುದು ತಪ್ಪು. ಪತ್ರದ ಒಂದು ಪ್ರತಿ ರೋಗಿಗೆ ಕೊಡಲೇಬೇಕು.

ಪ್ರಶ್ನೆ, ಮತ್ತೆ ಮುಳಬಾಗಿಲಿನಿಂದ:
ಥ್ಯಾಂಕ್ಸ್ ಅಕ್ಕಾ. ರಜಾ ದಿನ ಫೋನ್ ಬರುತ್ತಾ? ಇಂಟರ್‌ವ್ಯೂನಲ್ಲಿ ನಾನು ಏನು ಕೇಳಲಿ?

ಉತ್ತರ:
ಬರುತ್ತೆ. ಟ್ರಯಲ್‌ನಲ್ಲಿರುವವರು ಹುಷಾರು ತಪ್ಪಿ ಅಡ್ಮಿಟ್ ಆದರೆ, ಅದು ಟ್ರಯಲ್ ಔಷಧಿಯಿಂದ ಅಲ್ಲ ಅನಿಸಿದರೂ, 24 ಗಂಟೆಯೊಳಗೆ ಡಾಕ್ಟರ ಕಡೆಯಿಂದ ವರದಿ ಹೋಗಬೇಕು. ಭಾನುವಾರ ಅಂತ ಬಿಡಲ್ಲ.

ಜಿಸಿಪಿ (ಟ್ರಯಲ್ ಸರಿಯಾಗಿ ನಡೆಸುವ ನಿಯಮಗಳು) ತರಬೇತಿ ಕೊಡ್ತೀರಾ, ಒಬ್ಬರ ಕೈಗೆ ಎಷ್ಟು ಟ್ರಯಲ್ ಬರುತ್ತೆ ಅಂತ ಕೇಳಿ. ಅಲ್ಲಿನ ಕೋಆರ್ಡಿನೇಟರ್ ಜೊತೆ ಐದು ನಿಮಿಷ ಮಾತಾಡಿ, ಫೈಲಿನಲ್ಲಿ ತಪ್ಪಾದರೆ ಹೇಗೆ ತಿದ್ದುತ್ತೀರಿ ಅಂತ ಕೇಳಿ. ಬರೆದದ್ದು ತಪ್ಪಾದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ್ದು ಬರೆದು, ಸಹಿ, ಅವತ್ತಿನ ತಾರೀಖು ಹಾಕುತ್ತೇವೆ. ವೈಟ್ನರ್ ಮುಟ್ಟುವ ಹಾಗಿಲ್ಲ. ನನ್ನ ಮೊದಲ ಕೆಲಸದಲ್ಲಿ ಮಾನಿಟರ್ (ನಮ್ಮ ಫೈಲು ಪರಿಶೀಲಿಸುವವರು) ಬರುವ ಹಿಂದಿನ ರಾತ್ರಿ ಹಳೆಯ ತಾರೀಖು ಹಾಕಿ ಸಹಿ ಮಾಡು ಅಂದಿದ್ದರು. ನಾನು ಮಾಡಲಿಲ್ಲ, ಆ ತಿಂಗಳೇ ಬಿಟ್ಟೆ. ನಿಮಗೂ ಯಾರಾದರೂ ಹಾಗೆ ಹೇಳಿದರೆ ಇಲ್ಲೇ ಮೆಸೇಜ್ ಹಾಕಿ, ಬೇರೆ ಕಡೆ ಕೆಲಸ ಹುಡುಕೋಣ.